ನಲವತ್ತೊಂದನೇ ಕಿಲೋಮೀಟರಿನ ಮರ

ನಮ್ಮ ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲು, ಒಂದೇ ಜೊತೆ ಕಣ್ಣು. ಕಣ್ಣು ಅಣ್ಣನದು. ಅವನು ಮುಂದೆ ಕೂತು ಹ್ಯಾಂಡಲ್ ಹಿಡಿಯುತ್ತಿದ್ದ, ನಾನು ಹಿಂದೆ ಕೂತು ತುಳಿಯುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ, ನನ್ನ ದೃಷ್ಟಿ ಪೂರ್ತಿ ಹೋಗಿ ನಾನು ಎರಡು ವರ್ಷದಿಂದ ಕೋಣೆಯ ಮೂಲೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದ ಕಾಲದಲ್ಲಿ, ಅಣ್ಣ ತನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಎರಡು ಹಳೇ ಸೈಕಲ್ಲುಗಳನ್ನು ಕತ್ತರಿಸಿ ಒಂದಾಗಿ ಬೆಸೆದ. "ಗೇಟು, ಗ್ರಿಲ್ಲು ಮಾಡಿ ಮಾಡಿ ಬೇಜಾರಾಗಿತ್ತು ಕಣೋ, ಅದಕ್ಕೆ" ಅಂದ. ಅದು ಸುಳ್ಳು ಅಂತ ನನಗೂ ಗೊತ್ತಿತ್ತು. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗಿತ್ತು ನಮ್ಮ ಸವಾರಿ. ಒಂದು ತಿಂಗಳು ಬಿದ್ದೆವು, ಬೈದಾಡಿದೆವು, ಆಮೇಲೆ ನಾಲ್ಕು ಕಾಲೂ ಒಂದೇ ಲಯಕ್ಕೆ ಬಂದವು. ಹಿಂದಿನ ಚಕ್ರದ ಒಂದು ಬ್ರೇಕನ್ನು ಅಣ್ಣ ನನ್ನ ಕೈಗೆ ಕೊಟ್ಟಿದ್ದ. "ಹಿಂದಿನ ಸೀಟಿನ ಸಾಹೇಬರಿಗೂ ಒಂದು ಅಧಿಕಾರ ಇರಲಿ" ಅಂದಿದ್ದ. ಹನ್ನೊಂದು ವರ್ಷದಲ್ಲಿ ಅವನು ಹೇಳದೆ ನಾನು ಅದನ್ನು ಒಮ್ಮೆಯೂ ಒತ್ತಿರಲಿಲ್ಲ.

ದಾರಿ ಹಾಕುವ ಕೆಲಸ ಮಾತ್ರ ನನ್ನದು. ಫೋನಿನಲ್ಲಿ ಸೈಕಲ್ ಸವಾರರಿಗೆಂದೇ ಇರುವ ಒಂದು ಆಪ್ ಇದೆ. ಪರದೆಯ ಮೇಲಿರುವುದನ್ನೆಲ್ಲ ಫೋನು ಓದಿ ಹೇಳುತ್ತದೆ, ನಾನು ಬೆರಳಾಡಿಸಿ ದಾರಿ ಕಟ್ಟುತ್ತೇನೆ. ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ನೀರು ಸಿಗುತ್ತದೆ ಎಲ್ಲವೂ ಅದರಲ್ಲಿದೆ. ಹೊರಟ ಮೇಲೆ ಒಂದು ಹೆಣ್ಣುದನಿ ನನ್ನ ಕಿವಿಯಲ್ಲಿ "ಇನ್ನೂರು ಮೀಟರ್ ನಂತರ ಬಲಕ್ಕೆ" ಅನ್ನುತ್ತದೆ, ನಾನು ಅದನ್ನು ಅಣ್ಣನಿಗೆ ದಾಟಿಸುತ್ತೇನೆ. ಸ್ವಲ್ಪ ಆಚೀಚೆ ಹೋದರೆ ಸಾಕು, "ನೀವು ದಾರಿ ಬಿಟ್ಟಿದ್ದೀರಿ, ನೀವು ದಾರಿ ಬಿಟ್ಟಿದ್ದೀರಿ" ಎಂದು ಪ್ರಾಣ ತಿನ್ನುತ್ತದೆ. ಅದಕ್ಕೆ ನಾವಿಟ್ಟ ಹೆಸರು ಸೋದರತ್ತೆ.

ಆ ಆಪಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇನ್ನೊಂದು. ದಾರಿಯಲ್ಲಿ ಬೇಕಾದ ಜಾಗಕ್ಕೆ ಮಾತನ್ನು ರೆಕಾರ್ಡ್ ಮಾಡಿ ಅಂಟಿಸಬಹುದು. ಹತ್ತು ಕಿಲೋಮೀಟರಿಗೊಮ್ಮೆ, ಮತ್ತೆ ಅವನಿಗೆ ಏನಾದರೂ ವಿಶೇಷ ಕಂಡಾಗ, ನಾನು ಗುಂಡಿ ಒತ್ತುತ್ತಿದ್ದೆ, ಅಣ್ಣ ಏದುಸಿರಿನಲ್ಲೇ ಹೇಳುತ್ತಿದ್ದ: ಹಳದಿ ಮನೆ, ಮಹಡಿ ಮೇಲೆ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಾಳೆ, ಕೆಳಗೆ ನಾಯಿ ಅವಳನ್ನೇ ನೋಡುತ್ತಿದೆ. ಇಡೀ ವಾರ ಆಸ್ಪತ್ರೆಗೆ ಬರುವ ಫೋನುಗಳಿಗೆ ಉತ್ತರಿಸುವ ಕೆಲಸದಲ್ಲಿ ಬೇರೆಯವರ ಆತಂಕಕ್ಕೆ ಕಿವಿಯಾಗುವ ನನಗೆ ಭಾನುವಾರದ ಈ ಮಾತುಗಳೇ ಜಗತ್ತು. ನನ್ನ ಫೋನಿನಲ್ಲಿ ಅಂಥವು ಒಂಬೈನೂರಕ್ಕೂ ಹೆಚ್ಚಿವೆ.

ಈ ವರ್ಷದ ಬೇಸಿಗೆಯ ಹೊತ್ತಿಗೆ ಆಪ್ ನಮ್ಮ ಒಟ್ಟು ದೂರ ಒಂಬತ್ತು ಸಾವಿರದ ಎಂಟುನೂರ ಹನ್ನೆರಡು ಕಿಲೋಮೀಟರ್ ಎಂದಿತು. ಒಂದೇ ದಿನ ಇನ್ನೂರು ಕಿಲೋಮೀಟರಿನ ಒಂದು ಸವಾರಿ ಹೊಡೆದು ಹತ್ತು ಸಾವಿರ ಮುಟ್ಟೋಣ ಎಂದೆ. ಅಣ್ಣ "ಆಗಲಿ" ಅಂದ.

ಆ ಸವಾರಿಗೆ ಒಂದು ತಿಂಗಳು ಮುಂಚೆ, ಅಭ್ಯಾಸಕ್ಕೆಂದು ನಮ್ಮ ಹಳೆಯ ದಾರಿಯಲ್ಲೇ ಹೋಗಿದ್ದೆವು. ಅಭ್ಯಾಸದ ದೂರ ಒಟ್ಟು ಲೆಕ್ಕಕ್ಕೆ ಸೇರದಂತೆ ಆಪಿನಲ್ಲಿ ಆರಿಸಿದ್ದೆ. ಆ ದಾರಿಯ ನಲವತ್ತೊಂದನೇ ಕಿಲೋಮೀಟರಿನಲ್ಲಿ ಬಲಗಡೆ ಒಂದು ದೊಡ್ಡ ಮರ. ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಅದರ ನೆರಳು ರಸ್ತೆಗೆ ಅಡ್ಡ ಬಿದ್ದಿರುತ್ತದೆ. ಆರು ಸಲ ಪೆಡಲು ತುಳಿಯುವಷ್ಟು ಹೊತ್ತು ಮುಖಕ್ಕೆ ತಂಪು, ಆಮೇಲೆ ಮತ್ತೆ ಬಿಸಿಲು. ಆ ದಿನ ಸೋದರತ್ತೆ ನಲವತ್ತೊಂದು ಎಂದಳು. "ಬಂತು ನೋಡು ನಮ್ಮ ಮರ, ಹೋದ ಸಲಕ್ಕಿಂತ ದಟ್ಟವಾಗಿದೆ" ಎಂದ ಅಣ್ಣ.

ನನ್ನ ಬಲಗೆನ್ನೆಯ ಮೇಲಿನ ಬಿಸಿಲು ಒಂದು ಕ್ಷಣವೂ ಕದಲಲಿಲ್ಲ.

ಏಳು, ಎಂಟು, ಹತ್ತು, ಇಪ್ಪತ್ತು ಪೆಡಲು. ತಂಪು ಬರಲೇ ಇಲ್ಲ. ಹಸಿ ಮರದ ಪುಡಿಯ ವಾಸನೆ ಮಾತ್ರ ಬಂತು. ಮರವನ್ನು ಕಡಿದಿದ್ದರು. ಅಣ್ಣ ಅದರ ಎಲೆಗಳನ್ನು ಹೊಗಳುತ್ತಿದ್ದ.

ಮನೆಗೆ ಬಂದು ಹಿಂದಿನ ವರ್ಷದ್ದನ್ನು ಹಾಕಿ ಕೇಳಿದೆ. "ಬಂತು ನೋಡು ನಮ್ಮ ಮರ, ಹೋದ ಸಲಕ್ಕಿಂತ ದಟ್ಟವಾಗಿದೆ." ಅದೇ ಮಾತು, ಅದೇ ಏರಿಳಿತ. ಇನ್ನೂ ಕೆಲವನ್ನು ಕೇಳಿದೆ. ಹಳದಿ ಮನೆಯ ಹೆಂಗಸು ಎರಡು ವರ್ಷದಿಂದ ಬಟ್ಟೆ ಒಣಹಾಕುತ್ತಲೇ ಇದ್ದಳು, ನಾಯಿ ನೋಡುತ್ತಲೇ ಇತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಗಾಜು ಒಡೆದ ಸದ್ದಾಯಿತು. "ಈ ತಿಂಗಳಲ್ಲಿ ಮೂರನೇ ಲೋಟ. ಪಕ್ಕದಲ್ಲೇ ಇಟ್ಟಿರ್ತೀನಿ, ಮೊಣಕೈಯಲ್ಲಿ ತಳ್ಳಿಬಿಡ್ತಾರೆ ನಿಮ್ಮಣ್ಣ" ಎಂದರು ಅತ್ತಿಗೆ.

ನಾನೂ ಮೊದಲು ಒಡೆದದ್ದು ಲೋಟಗಳನ್ನೇ. ನಮ್ಮ ಅಪ್ಪನ ಕಡೆಯಿಂದ ಬಂದ ಕಾಯಿಲೆ ಇದು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಎರಡೂ ಪಕ್ಕದಿಂದ ಗೋಡೆ ಒತ್ತರಿಸಿಕೊಂಡು ಬರುತ್ತದೆ. ನೇರ ಮುಂದಿನದು ಕಾಣುತ್ತಿರುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಅಣ್ಣನಿಗೆ ಐವತ್ತೆರಡು. ಅವನನ್ನು ಇದು ಬಿಟ್ಟಿತು ಎಂದು ನಾವೆಲ್ಲ ನಿರಾಳವಾಗಿದ್ದೆವು.

ಆ ದಿನವೇ ಹೇಳಬೇಕಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಅವನ ಮನಸ್ಸಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕಾಲುಭಾಗ ನಿಜ. ಮುಕ್ಕಾಲು ಭಾಗ ನಿಜ ಏನೆಂದರೆ, ಹೇಳಿದರೆ ಸೈಕಲ್ಲು ನಿಲ್ಲುತ್ತದೆ, ಸೈಕಲ್ಲು ನಿಂತರೆ ನಾನು ಮತ್ತೆ ಆ ಕೋಣೆಯ ಮೂಲೆಗೆ ಹೋಗುತ್ತೇನೆ. ನನಗೆ ಹತ್ತು ಸಾವಿರ ಬೇಕಿತ್ತು. ಅದೊಂದು ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಕಣ್ಣೇ ಇಲ್ಲದ ಬೆಕ್ಕಿಗೆ ಆ ಕಷ್ಟವೂ ಇಲ್ಲ.

ಅದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ಆಮೇಲೆ ಮಾಡಿದೆ. ಇನ್ನೂರ ನಾಲ್ಕು ಕಿಲೋಮೀಟರಿನ ದಾರಿಯನ್ನು ಅಣ್ಣನಿಗೆ ಏನು ಕಾಣುವುದಿಲ್ಲವೋ ಅದನ್ನೆಲ್ಲ ತಪ್ಪಿಸಿ ಕಟ್ಟಿದೆ. ಸಂತೆ ಬೀದಿಗಳನ್ನು ತೆಗೆದೆ. ಅಡ್ಡರಸ್ತೆ ಹೆಚ್ಚಿರುವ ಕಡೆಗಳನ್ನು ತೆಗೆದೆ. ಸುರಂಗದ ಹಾಗಿರುವ ಕೆಳಸೇತುವೆಗಳನ್ನು ತೆಗೆದೆ. ಅಗಲವಾದ, ನೇರವಾದ, ಸಪ್ಪೆಯಾದ ರಸ್ತೆಗಳನ್ನೇ ಆರಿಸಿ ನಾಲ್ಕು ಸಂಜೆ ಕೂತು ಜೋಡಿಸಿದೆ. ಅಣ್ಣನ ಕುರುಡನ್ನು ಅಣ್ಣನಿಂದಲೇ ಮುಚ್ಚಿಡಲು ನೋಡಿದೆ.

"ಈ ಸಲ ಮರದ ದಾರಿ ಬೇಡ್ವಾ?" ಅಂತ ಕೇಳಿದ.

"ಅಲ್ಲಿ ರಸ್ತೆ ಕೆಟ್ಟಿದೆಯಂತೆ."

"ಹೌದಾ" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಬೆಳಕು ಹರಿದ ಮೇಲೇ ಹೊರಡೋಣ. ಈಗೀಗ ಬೆಳಗಿನ ಚಳಿ ತಡೆಯಕ್ಕಾಗಲ್ಲ" ಅಂದ. ಬೇಸಿಗೆಯಲ್ಲಿ ಚಳಿ. ನಾನು ಅದಕ್ಕೂ ಹೂಂ ಅಂದೆ.

ಆ ಭಾನುವಾರ ಚೆನ್ನಾಗಿಯೇ ತುಳಿದೆವು. ನೂರು ಕಿಲೋಮೀಟರ್ ಮುಗಿದಾಗ ಅತ್ತಿಗೆ ಕಟ್ಟಿಕೊಟ್ಟಿದ್ದ ಬುತ್ತಿ ತಿಂದೆವು. ಅಣ್ಣ ದಾರಿಯುದ್ದಕ್ಕೂ ಹೊಲ, ಕಾರ್ಖಾನೆ, ಆಕಾಶ ಎಂದು ಹೇಳುತ್ತಲೇ ಇದ್ದ, ನಾನು ಗುಂಡಿ ಒತ್ತುತ್ತಲೇ ಇದ್ದೆ. ಅವನು ಹೇಳಿದ್ದರಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು ಎಂದು ನಾನು ಯೋಚಿಸಲಿಲ್ಲ.

ನೂರ ಮೂವತ್ತನೇ ಕಿಲೋಮೀಟರಿನಲ್ಲಿ ರಸ್ತೆ ಅಗೆದಿದ್ದರು. ಯಾರೋ ಕೂಗಿ ಎಡಕ್ಕೆ ಹೋಗಿ ಎಂದರು. ಅಣ್ಣ ತಿರುಗಿಸಿದ. ಸೋದರತ್ತೆ ಶುರುಮಾಡಿದಳು: ನೀವು ದಾರಿ ಬಿಟ್ಟಿದ್ದೀರಿ. ಎರಡೂ ಕಡೆಯಿಂದ ಗೋಡೆಗಳು ಹತ್ತಿರ ಬಂದದ್ದು ನಮ್ಮದೇ ಚಕ್ರದ ಸದ್ದಿನಿಂದ ಗೊತ್ತಾಯಿತು. ಅಂಗಡಿಯ ಶಟರು, ಕುಕ್ಕರಿನ ಸೀಟಿ, ಯಾರದೋ ಜಗಳ. ಮನೆಗಳ ಬೀದಿ. ಇಳಿದು ನಡೆಯೋಣ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಇನ್ನು ಎಪ್ಪತ್ಮೂರೇ ಕಿಲೋಮೀಟರ್ ಎಂದುಕೊಂಡು ನುಂಗಿದೆ. ಹಗಲು ಕಂಡ ಬಾವಿಗೆ ರಾತ್ರಿ ಹೋಗಿ ಬೀಳುವವರು ಯಾರು ಎಂದು ಚಿಕ್ಕಂದಿನಲ್ಲಿ ನಗುತ್ತಿದ್ದೆ.

ಆಗ ಎಡಗಡೆಯಿಂದ ಆ ಸದ್ದು ಕೇಳಿತು. ಪುಟ್ಟ ಮಕ್ಕಳಿಗೆ ಹಾಕುವ, ಹೆಜ್ಜೆಗೊಮ್ಮೆ ಕೀಕ್ ಎನ್ನುವ ಬೂಟು. ಕೀಕ್, ಕೀಕ್, ಕೀಕ್. ಓಡುತ್ತಿತ್ತು, ನಮ್ಮ ದಾರಿಗೆ ಅಡ್ಡವಾಗಿ. ಅಣ್ಣ ನಿಧಾನ ಮಾಡುತ್ತಾನೆ ಎಂದು ಕಾದೆ. ಅವನ ಕಾಲು ಅದೇ ಲಯದಲ್ಲಿ ತುಳಿಯುತ್ತಿತ್ತು. ಅವನು ಏನೋ ಹೇಳುತ್ತಲೂ ಇದ್ದ, ಅಂಗಡಿಯ ಬೋರ್ಡಿನ ಬಣ್ಣದ ಬಗ್ಗೆ.

ನಾನು ಬ್ರೇಕು ಒತ್ತಿದೆ. ಶಕ್ತಿಯಿದ್ದಷ್ಟೂ ಒತ್ತಿದೆ.

ಹಿಂದಿನ ಚಕ್ರ ತಟಕ್ಕನೆ ಕಚ್ಚಿಕೊಂಡು ಪಕ್ಕಕ್ಕೆ ಜಾರಿತು. ಇಬ್ಬರೂ ಬಿದ್ದೆವು. ಮೊಣಕೈ ಕಲ್ಲಿಗೆ ತರಚಿ ಉರಿಯಿತು. ಅದಲ್ಲ ನನಗೆ ಬೇಕಾಗಿದ್ದು. ನಾನು ಕಿವಿಯಾಗಿ ಬಿದ್ದಿದ್ದೆ. ಬೂಟಿನ ಸದ್ದು ನಿಂತುಹೋಗಿತ್ತು.

ಎಷ್ಟು ಹೊತ್ತೋ ಗೊತ್ತಿಲ್ಲ. ಮುಂದಿನ ಚಕ್ರ ತಿರುಗುತ್ತಿತ್ತು, ಸೋದರತ್ತೆ ದಾರಿ ಬಿಟ್ಟಿದ್ದೀರಿ ಅನ್ನುತ್ತಿದ್ದಳು, ಬೂಟಿನ ಸದ್ದಿರಲಿಲ್ಲ. ನನ್ನ ಕಣ್ಣು ಹೋದ ದಿನವೂ ನಾನು ದೇವರನ್ನು ಏನೂ ಕೇಳಿರಲಿಲ್ಲ. ಆಗ ಕೇಳಿದೆ.

ಕೀಕ್.

ಮತ್ತೊಂದು. ಕೀಕ್. ಆಮೇಲೆ ಓಡಿಬಂದ ತಾಯಿಯ ಚಪ್ಪಲಿ, ಬಳೆ, ಮಗುವನ್ನು ಎತ್ತಿಕೊಂಡ ಸದ್ದು. ಮಗುವಿಗೆ ಏನೂ ಆಗಿರಲಿಲ್ಲ. ಅದು ಅಳಲೂ ಇಲ್ಲ.

"ಏನ್ರೀ, ಕಣ್ಣು ಕಾಣಲ್ವೇನ್ರೀ ನಿಮಗೆ?" ಎಂದಳು ಆ ತಾಯಿ.

"ಇಲ್ಲಮ್ಮ" ಎಂದೆ ನಾನು ನೆಲದ ಮೇಲಿಂದಲೇ. "ಇಬ್ಬರಿಗೂ ಕಾಣಲ್ಲ. ತಪ್ಪಾಯ್ತು."

ಅಣ್ಣ ಅಲ್ಲಗಳೆಯಲಿಲ್ಲ.

ಯಾರೋ ನೀರು ಕೊಟ್ಟರು. ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತೆವು. ಅಣ್ಣನ ಮಂಡಿಯಿಂದ ರಕ್ತ ಬರುತ್ತಿತ್ತು, ನನ್ನ ಕರವಸ್ತ್ರ ಕಟ್ಟಿದೆ. ಅವನು ಕೇಳಿದ.

"ಯಾವಾಗಿಂದ ಗೊತ್ತು ನಿಂಗೆ?"

"ಒಂದು ತಿಂಗಳಾಯ್ತು. ಮರದಿಂದ."

"ಮರಕ್ಕೇನಾಗಿದೆ?"

"ಮರ ಇಲ್ಲ ಅಣ್ಣಾ. ಕಡಿದುಬಿಟ್ಟಿದಾರೆ."

ಅವನು ಉಸಿರೆಳೆದುಕೊಂಡದ್ದು ಕೇಳಿತು. "ಕಡಿದ್ರಾ" ಅಂದ. ಆಮೇಲೆ ಅಳತೊಡಗಿದ. ಅಪ್ಪ ಸತ್ತಾಗಲೂ ಅಣ್ಣ ಅತ್ತದ್ದನ್ನು ನಾನು ಕೇಳಿರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟೆ. ಹನ್ನೊಂದು ವರ್ಷ ನನ್ನ ಮುಖದ ಎದುರೇ ಇದ್ದ ಬೆನ್ನು, ಬೆವರಿಗೆ ಒದ್ದೆಯಾಗಿತ್ತು.

"ಎರಡು ವರ್ಷದಿಂದ ಪಕ್ಕದ್ದು ಏನೂ ಕಾಣ್ತಿಲ್ಲ ಕಣೋ. ಮುಂದಿನದು ಕಾಣತ್ತೆ, ಸಾಕು ಅಂದ್ಕೊಂಡೆ. ನಾನು ಹೇಳಿದ್ರೆ ನಿನ್ನ ಯಾರು ಕರ್ಕೊಂಡು ಹೋಗ್ತಾರೆ?"

"ನಾನೂ ಅದಕ್ಕೇ ಹೇಳ್ಲಿಲ್ಲ" ಎಂದೆ. "ನಿನಗೋಸ್ಕರ ಅಲ್ಲ. ನನಗೋಸ್ಕರ. ನೀನು ಗೊತ್ತಿಲ್ಲದೆ ಮಗು ಮೇಲೆ ಹೋಗ್ತಿದ್ದೆ. ನಾನು ಗೊತ್ತಿದ್ದೂ ಹಿಂದೆ ಕೂತು ತುಳಿದೆ."

ಅದಕ್ಕೆ ಅವನು ಸಮಾಧಾನದ ಮಾತು ಹೇಳಲಿಲ್ಲ. ಹೇಳದಿದ್ದುದು ಒಳ್ಳೆಯದಾಯಿತು.

ಆಪಿನಲ್ಲಿ ಸವಾರಿ ಮುಗಿಸುವ ಗುಂಡಿ ಒತ್ತಿದೆ. ನೂರ ಮೂವತ್ತೊಂದು ಕಿಲೋಮೀಟರ್, ಗುರಿಗೆ ಇನ್ನು ಐವತ್ತೇಳು ಉಳಿದಿದೆ, ಚೆನ್ನಾಗಿ ತುಳಿದಿರಿ ಎಂದಳು ಸೋದರತ್ತೆ. ಸಾಮಾನು ಸಾಗಿಸುವ ಗಾಡಿಯೊಂದರಲ್ಲಿ ಸೈಕಲ್ಲನ್ನು ಮಲಗಿಸಿ, ಅದರ ಪಕ್ಕದಲ್ಲೇ ಕೂತು ಮನೆಗೆ ಬಂದೆವು. ಎಲ್ಲವನ್ನೂ ಅತ್ತಿಗೆಗೆ ಹೇಳಿದೆವು. ಅವರು ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದು, ಅಣ್ಣನ ಪಕ್ಕದಲ್ಲಿಡದೆ ಕೈಗೇ ಕೊಟ್ಟರು.

ಅದೇ ವಾರ ಕಣ್ಣಿನ ವೈದ್ಯರು ಕಾಯಿಲೆಯ ಹೆಸರು ಹೇಳಿದರು. ನಮಗೆ ಹೊಸದಲ್ಲ. ಅಣ್ಣ ಶೆಡ್ಡಿಗೆ ಹೋಗಿ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ನೇತುಹಾಕಿದ. ಬೆಸುಗೆಯನ್ನು ಮಾತ್ರ ಕತ್ತರಿಸಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ, ಅಭ್ಯಾಸಬಲ, ಅವನು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ನಾನು ಎದ್ದು ನನ್ನ ಹಳೇ ಬಿಳಿಕೋಲನ್ನು ಅವನ ಕೈಗಿಟ್ಟೆ. ಅವನು ಅದನ್ನು ವಾಪಸು ಕೊಡಲು ನೋಡಿದ.

"ಮುಂದಿನದು ಇನ್ನೂ ಕಾಣತ್ತೆ ಕಣೋ ನಂಗೆ."

"ಕಾಣೋವಾಗಲೇ ಕಲೀಬೇಕು. ನನಗೆ ಇದನ್ನ ಯಾರೂ ಹೇಳ್ಲಿಲ್ಲ, ಅದಕ್ಕೇ ಎರಡು ವರ್ಷ ಮೂಲೇಲಿ ಕೂತೆ. ನೀನು ಕೂರೋದು ಬೇಡ."

ಆಪಿನಲ್ಲಿ ಸೈಕಲ್ಲಿನ ಬದಲು ನಡಿಗೆ ಎಂಬುದನ್ನು ಆರಿಸಿದೆ. ಗೇಟು ದಾಟುವಾಗ ಅಣ್ಣ ಕೇಳಿದ, "ಇದು ಆ ಐವತ್ತೇಳರಲ್ಲಿ ಕಳೆಯತ್ತಾ?"

"ಇಲ್ಲ. ಇದು ಬೇರೆ. ಸೊನ್ನೆಯಿಂದ."

ಮೊದಲ ದಿನ ನಾವು ಹೋದದ್ದು ನಾನೂರು ಮೀಟರ್. ಅಷ್ಟಕ್ಕೇ ಅವನು ಎರಡು ಸಲ ಕೋಲನ್ನು ಚರಂಡಿಗೆ ಸಿಕ್ಕಿಸಿ, ಮೂರು ಸಲ ನನ್ನನ್ನು ಬೈದ. ಬೀದಿಯ ಕೊನೆಯಲ್ಲಿ ನಿಂತು ಉಸಿರು ಬಿಟ್ಟೆವು. ನಾನು ರೆಕಾರ್ಡಿನ ಗುಂಡಿ ಒತ್ತಿ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದೆ. ಎಂದಿನಂತೆ ಶುರುಮಾಡಲು ಗಂಟಲು ಸರಿಮಾಡಿಕೊಂಡವನು ಹಾಗೇ ನಿಂತುಬಿಟ್ಟ. ಆಮೇಲೆ ಹೇಳಿದ್ದನ್ನು ನಾನು ಹಳೆಯ ಒಂಬೈನೂರರ ಜೊತೆಯಲ್ಲೇ ಇಟ್ಟಿದ್ದೇನೆ.

"ಮುಂದೆ ಒಂದು ನೀಲಿ ಗೇಟು ಕಾಣ್ತಿದೆ. ಎಡಗಡೆ ನನ್ನ ತಮ್ಮ ನನ್ನ ಕೈ ಹಿಡ್ಕೊಂಡಿದಾನೆ. ಉಳಿದದ್ದು ಏನಿದೆಯೋ ನಂಗೆ ಕಾಣಲ್ಲ."