ಎರಡೂ ಕಡೆ ಗೇಣು ಕಡಿಮೆ

"ಬಿಡಬೇಡ. ಅಂಟು ಹಿಡಿಯೋವರೆಗೂ ಹಾಗೇ ಎತ್ತಿ ಹಿಡ್ಕೊಂಡಿರು," ಎಂದ ಎಮ್ಲಿನ್.

ಮೆನ್ನಾ ಎರಡೂ ಅಂಗೈಗಳನ್ನು ಓಕ್ ಹಲಗೆಯ ಕೆಳಗೆ ಒತ್ತಿ ನಿಂತಿದ್ದಳು. ಅಗ್ಗಿಷ್ಟಿಕೆಯ ಮೇಲಿನ ಹಳೆಯ ಹಲಗೆ ಹುಳ ತಿಂದು ಹಾಳಾಗಿತ್ತು. ಗೋಡೆಗೆ ನೆಟ್ಟ ಕಬ್ಬಿಣದ ಸರಳುಗಳಿಗೆ ಗಂಡ ಈಗಷ್ಟೇ ಹೊಸದನ್ನು ತೂರಿಸಿ, ಮಟ್ಟಸವಾಗಿದೆಯೇ ಎಂದು ಮೇಲೆ ರಸಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ಅಳತೆ ಮಾತ್ರ ಅವಳದು. ಅತ್ತೆಯ ಕೋಣೆಯಿಂದ ಗಡಿಯಾರವನ್ನೂ ಜೋಡಿ ಪಿಂಗಾಣಿ ನಾಯಿಗಳನ್ನೂ ಇಳಿಸಿ ತಂದು, ಅಡುಗೆಮನೆಯ ನೆಲದಲ್ಲಿ ಕಂದು ಕಾಗದದ ಮೇಲೆ ಸಾಲಾಗಿಟ್ಟು ಅಷ್ಟುದ್ದಕ್ಕೆ ಕಾಗದವನ್ನು ಕತ್ತರಿಸಿದ್ದಳು. ನಡುವೆ ಗಡಿಯಾರ, ಆಚೆಗೊಂದು ಈಚೆಗೊಂದು ನಾಯಿ, ಮುಖಕ್ಕೆ ಮುಖ. ವೇಲ್ಸ್‌ನ ಆ ಕಣಿವೆಯಲ್ಲಿ ಮನೆತನದ ನಾಯಿಗಳು ಯಾರ ಅಗ್ಗಿಷ್ಟಿಕೆಯ ಮೇಲೆ ಕೂತಿವೆಯೋ ಅವಳೇ ಮನೆಯೊಡತಿ. ಅತ್ತೆ ಕಾಲಿನ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಾಗ ಮೆನ್ನಾ ಶಾಲೆಯ ಅಡುಗೆ ಕೆಲಸ ಬಿಟ್ಟಳು. "ನಾಯಿಗಳು ನಿನಗೇ ಕಣೆ," ಎಂದಿದ್ದಳು ಮುದುಕಿ. ಅಂದಿನಿಂದ ತೊಳೆದದ್ದು, ಉಣಿಸಿದ್ದು, ಬೈಸಿಕೊಂಡದ್ದು ಎಲ್ಲವೂ ಆ ಒಂದು ಮಾತಿನ ಮೇಲೆ ನಡೆದಿತ್ತು.

ಕತ್ತು ನೋಯುತ್ತಿತ್ತೆಂದು ಎಡಕ್ಕೆ ತಿರುಗಿದಳು. ಗೋಡೆಯ ಮೇಲೆ ತಾನು ಹಾಕಿದ್ದ ಪೆನ್ಸಿಲ್ ಗುರುತಿಗೂ ಹಲಗೆಯ ತುದಿಗೂ ನಡುವೆ ಒಂದು ಗೇಣು ಬರಿ ಗೋಡೆ. ಬಲಕ್ಕೆ ನೋಡಿದಳು. ಅಲ್ಲಿಯೂ ಅಷ್ಟೇ.

"ಎಮ್ಲಿನ್, ಇದು ಗಿಡ್ಡ ಆಯ್ತಲ್ಲ."

"ಎಲ್ಲಿ? ಸರಿಯಾಗೇ ಇದೆ."

"ಒಂದು ಕಡೆ ಕಡಿಮೆಯಾಗಿದ್ರೆ ಗರಗಸ ತಪ್ಪಿತು ಅಂದ್ಕೋತಿದ್ದೆ. ಎರಡೂ ಕಡೆ ಸಮವಾಗಿ ಕೊಯ್ದಿದ್ದೀಯ."

ಅವನು ರಸಮಟ್ಟವನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. "ಗಡಿಯಾರಕ್ಕೆ ಧಾರಾಳವಾಗಿ ಸಾಕು."

"ನಾಯಿಗಳಿಗೆ?"

"ಈಸ್ಟರ್‌ಗೆ ಲೋವ್ರಿ ಬಂದಿದ್ಲಲ್ಲ. ಅಮ್ಮ ಅವಳಿಗೆ ಮಾತು ಕೊಟ್ಟುಬಿಟ್ಲು. ಎಷ್ಟಾದ್ರೂ ಮಗಳಲ್ವಾ."

"ವರ್ಷಕ್ಕೊಂದ್ಸಲ ಹೂ ಹಿಡ್ಕೊಂಡು ಬರೋ ಮಗಳು."

"ನಿಂಗೆ ಹೇಳೋಣ ಅಂತಾನೇ ಇದ್ದೆ, ಮೆನ್ನಾ. ನೀನು ಬೇಜಾರು ಮಾಡ್ಕೋತೀಯ ಅಂತ..."

"ಹೇಳೋಕೆ ಬಾಯಿ ಬರ್ಲಿಲ್ಲ. ಕೊಯ್ಯೋಕೆ ಕೈ ಬಂತು."

ಅತ್ತೆ ಕೊಟ್ಟ ಮಾತಿಗೆ ತಪ್ಪಿದ್ದು ಅವಳಿಗೆ ಅಷ್ಟು ಉರಿಯಲಿಲ್ಲ. ಮುದುಕಿಯ ಬುದ್ಧಿ ಗೊತ್ತಿದ್ದದ್ದೇ. ಆದರೆ ಇವನು ಗೊತ್ತಿದ್ದೂ ಗೊತ್ತಿದ್ದೂ ಅವಳ ಕಾಗದವನ್ನು ಷೆಡ್ಡಿಗೆ ಒಯ್ದು, ಹಲಗೆಯ ಮೇಲೆ ಹಾಸಿ, ನಾಯಿಗಳ ಜಾಗವನ್ನಷ್ಟೇ ಕೊಯ್ದು ತೆಗೆದಿದ್ದ. ಆಮೇಲೆ ಒಳಗೆ ಬಂದು ಅವಳೇ ಮಾಡಿಟ್ಟ ಸಾರು ಕುಡಿದಿದ್ದ.

ಮಹಡಿಯ ಮೇಲೆ ಕೋಲಿನಿಂದ ನೆಲ ಕುಟ್ಟುವ ಸದ್ದು ಕೇಳಿತು. "ಮೆನ್ನಾ! ಎಲ್ಲಿ ಸತ್ತೆ?"

"ನೀನು ಹೋಗಿ ನೋಡು," ಎಂದ ಎಮ್ಲಿನ್, ಕೈ ಚಾಚುತ್ತ. "ಇದನ್ನ ನಾನು ಹಿಡ್ಕೋತೀನಿ."

"ಬೇಡ. ನೀನೇ ಹೋಗು. ನಿಮ್ಮಮ್ಮ."

ಕೋಲು ಮತ್ತೆ ಕುಟ್ಟಿತು. ಎಮ್ಲಿನ್ ಮೆಟ್ಟಿಲು ಹತ್ತಿ ಹೋದ. ಮೇಲಿಂದ ಮುದುಕಿಯ ಗೊಣಗಾಟ, ಕಪಾಟಿನ ಬಾಗಿಲುಗಳನ್ನು ಒಂದಾದ ಮೇಲೊಂದು ತೆರೆದು ಮುಚ್ಚುವ ಸದ್ದು ಬಂತು.

"ಮೆನ್ನಾ, ಅಮ್ಮನ ಟವೆಲ್ ಎಲ್ಲಿಡ್ತೀಯ?"

ಅವಳು ಅಂಗೈಗಳನ್ನು ಹಲಗೆಗೆ ಇನ್ನಷ್ಟು ಒತ್ತಿದಳು.

"ಮೆನ್ನಾ, ಹಾಸಿಗೆಯೆಲ್ಲ ಒದ್ದೆಯಾಗಿದೆ. ಏನು ಮಾಡ್ಲಿ ಹೇಳು."

ಅಂಟು ಆಗಲೇ ಹಿಡಿದಿತ್ತು. ಮೆನ್ನಾ ಹಲಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು.