ನಾಚಿಕೆ ಪಟ್ಟಿ

ನಮ್ಮ ಅಡುಗೆಮನೆಯ ನೆಲದ ಒಂದು ಸಾಲಿಗೆ ಎಂಟುನೂರ ಮೂವತ್ತೈದು ಟೈಲ್ಸ್ ಬೇಕೆಂದು ಸೊಸೆಯ ಕಂಪ್ಯೂಟರ್ ಹೇಳಿದ ದಿನ ನನ್ನ ಮಗ ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

"ಇದು ಅಡುಗೆಮನೇನೋ ರೈಲ್ವೆ ಪ್ಲಾಟ್‌ಫಾರಮ್ಮೋ? ಒಲೆಯಿಂದ ಸಿಂಕಿಗೆ ಹೋಗೋಕೆ ಟಿಕೆಟ್ ತಗೋಬೇಕು ಹಾಗಿದ್ರೆ!" ಬಡಗಿ ಅವನು, ಅಳತೆಯ ಮಾತು ಬಂದರೆ ಬಾಯಿ ಜೋರು.

"ನಗ್ರೀ, ನಗ್ರೀ. ನೀವು ಮಾಡಿದ ಬೀರುವಿನ ಬಾಗಿಲು ಇವತ್ತಿಗೂ ಒದ್ದರೇನೇ ಮುಚ್ಚೋದು," ಎಂದಳು ಸೊಸೆ. ಮಾತು ಚುರುಕಾಗಿತ್ತು, ಮುಖ ಮಾತ್ರ ಸಣ್ಣದಾಗಿತ್ತು.

ಕಾರಣ ನನಗೆ ಗೊತ್ತಿತ್ತು. ಗ್ರಂಥಾಲಯದ ಮಹಡಿಯಲ್ಲಿ ಮಧ್ಯಾಹ್ನದ ಹೊತ್ತು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾರೆ. ಅವಳು ಅಲ್ಲಿ ಕಲಿಯುತ್ತಿದ್ದಳು. ಜೊತೆಯವರೆಲ್ಲ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಎಲ್ಲರ ಬಾಯಲ್ಲೂ ಅವಳು 'ಅಕ್ಕ'. ಮೊದಲ ಪರೀಕ್ಷೆಯಲ್ಲೇ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಫೇಲಾದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ. ಶನಿವಾರದೊಳಗೆ ತನ್ನದೇ ಯೋಚನೆಯ, ತಾನಾಗೇ ಲೆಕ್ಕ ಮಾಡುವ ಒಂದು ಕಂಪ್ಯೂಟರ್ ಪುಟ ಮಾಡಿ ತೋರಿಸಬೇಕಿತ್ತು. "ಮಾವ, ನೀವು ನಲವತ್ತು ವರ್ಷ ಮಾಡಿದ ಕೆಲಸಾನೇ ಅದಕ್ಕೆ ಹೇಳ್ಕೊಡ್ತೀನಿ," ಎಂದಿದ್ದಳು. ನಾನು ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದವನು. ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದೇನೆ. ಶಾಲೆಯ ಮೆಟ್ಟಿಲು ತುಳಿದದ್ದು ಎರಡೇ ವರ್ಷ.

ಮಗ ಕೆಲಸಕ್ಕೆ ಹೋದ ಮೇಲೆ ಅವಳ ಪಕ್ಕ ಕುಳಿತೆ. "ಏನೇನು ಹಾಕಿದೆ, ನಿಧಾನವಾಗಿ ಹೇಳು."

"ನನ್ನ ಟೇಪು ಒಂದೇ ಸಲಕ್ಕೆ ಸಾಲಲಿಲ್ಲ ಮಾವ, ಅದಕ್ಕೆ ಎರಡು ಭಾಗ ಮಾಡಿ ಅಳೆದೆ. ಇನ್ನೂರೈವತ್ತು ಸೆಂಟಿಮೀಟರು, ಆಮೇಲೆ ಅರವತ್ತು. ಎರಡನ್ನೂ ಈ ಪೆಟ್ಟಿಗೆಗಳಲ್ಲಿ ಟೈಪ್ ಮಾಡಿ ಕೂಡು ಅಂದೆ. ಆಮೇಲೆ ಒಂದು ಟೈಲ್ಸಿನ ಅಗಲ ಮೂವತ್ತಲ್ಲ, ಅದರಿಂದ ಭಾಗಿಸು ಅಂದೆ."

"ಕೂಡಿದ್ದಕ್ಕೆ ಎಷ್ಟು ಬಂತು, ಅದನ್ನ ತೋರ್ಸು."

ಪರದೆಯ ಮೇಲೆ 25060 ಎಂದು ಬಂತು. ನಾನು ಅದನ್ನು ಸ್ವಲ್ಪ ಹೊತ್ತು ನೋಡಿದೆ. ಇನ್ನೂರೈವತ್ತು, ಅದರ ಪಕ್ಕಕ್ಕೆ ಅರವತ್ತು. ಸಂದು ಕೂಡ ಬಿಡದೆ ಕೂರಿಸಿತ್ತು.

"ಇದು ಕೂಡಿಲ್ಲ ಕಣಮ್ಮಾ. ಟೈಲ್ಸ್ ಇಟ್ಟ ಹಾಗೆ ಪಕ್ಕಪಕ್ಕ ಇಟ್ಟಿದೆ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗೆ! ಪೆಟ್ಟಿಗೇಲಿ ಟೈಪ್ ಮಾಡಿದ್ದು ಅದರ ಲೆಕ್ಕಕ್ಕೆ ಅಂಕಿ ಅಲ್ಲ ಮಾವ, ಬರೀ ಅಕ್ಷರ. ಅಕ್ಷರದ ಮಧ್ಯೆ ಪ್ಲಸ್ ಹಾಕಿದ್ರೆ ಅಂಟಿಸ್ಬಿಡುತ್ತೆ. ಇದು ನಂಬರ್ ಅಂತ ಮೊದಲೇ ಹೇಳಿ ಒಳಗೆ ಕಳಿಸ್ಬೇಕಿತ್ತು!"

ಹಾಗೆ ಹೇಳಿ ಕಳಿಸಿದಳು. ಮುನ್ನೂರ ಹತ್ತು ಬಂತು. ಅವಳು ಕುಣಿಯದಿದ್ದದ್ದು ಮಾವ ಎದುರಿಗಿದ್ದಾನೆ ಎಂಬ ಒಂದೇ ಕಾರಣಕ್ಕೆ.

ಆಮೇಲೆ ಒಂದು ಓರೆ ಗೀಟು, ಅದರ ಆಚೆ ಈಚೆ ಒಂದೊಂದು ಸೊನ್ನೆ ಇರುವ ಗುರುತು ಹಾಕಿದಳು. ನಾನು ಅದನ್ನು ಬಟ್ಟೆ ಅಂಗಡಿಯ ರಿಯಾಯಿತಿ ಫಲಕದಲ್ಲಷ್ಟೇ ಕಂಡವನು. "ಇಲ್ಲಿ ಇದು ಶೇಕಡ ಅಲ್ಲ ಮಾವ. ಭಾಗಿಸಿದ ಮೇಲೆ ಉಳಿದದ್ದು ಎಷ್ಟು ಅಂತ ಹೇಳುತ್ತೆ. ನೋಡಿ, ಹತ್ತು ಇಡೀ ಟೈಲ್ಸು, ಕೊನೇಲಿ ಹತ್ತು ಸೆಂಟಿಮೀಟರಿನ ಒಂದು ತುಂಡು. ಮುಗೀತು!"

"ಮುಗೀಲಿಲ್ಲ," ಎಂದೆ. "ನಮ್ಮ ಕೆಲಸ ಅಲ್ಲಿಂದಲೇ ಶುರು."

ನಾನು ಒಬ್ಬನೇ ಹಾಸಿದ ಮೊದಲ ನೆಲ ಇವತ್ತಿಗೂ ಕಣ್ಣ ಮುಂದಿದೆ. ಬಾಗಿಲ ಬಳಿ ಎರಡು ಬೆರಳಗಲದ ಚೂರುಗಳ ಸಾಲು. ನನ್ನ ಗುರು ಬೈಯಲಿಲ್ಲ, ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದು, "ಇದು ನಾಚಿಕೆ ಪಟ್ಟಿ. ಕಿತ್ತು ಹಾಕು," ಎಂದರು ಅಷ್ಟೆ. ಸಣ್ಣ ಚೂರು ಗಾರೆಗೆ ಗಟ್ಟಿಯಾಗಿ ಅಂಟುವುದಿಲ್ಲ, ವರ್ಷದೊಳಗೆ ಒಡೆಯುತ್ತದೆ. ಉಳಿದದ್ದು ಅರ್ಧ ಟೈಲಿಗಿಂತ ಕಡಿಮೆಯಾದರೆ ಇಡೀ ಟೈಲ್ಸ್ ಒಂದನ್ನು ಬಿಟ್ಟುಕೊಟ್ಟು, ಅದರ ಅಳತೆಯನ್ನೂ ಉಳಿದದ್ದನ್ನೂ ಸೇರಿಸಿ ಎರಡು ಪಾಲು ಮಾಡಿ, ಎರಡು ತುದಿಗೂ ಸಮವಾಗಿ ಹಂಚಬೇಕು. ನಮ್ಮ ಅಡುಗೆಮನೆಗೆ ಒಂಬತ್ತು ಇಡಿಯವು, ಎರಡು ತುದಿಯಲ್ಲೂ ಇಪ್ಪತ್ತಿಪ್ಪತ್ತು ಸೆಂಟಿಮೀಟರಿನ ತುಂಡು.

ಸೊಸೆ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಹಕ್ಕಿಯ ಕೊಕ್ಕಿನಂಥ ಒಂದು ಗುರುತು ಹಾಕಿ, ಉಳಿದದ್ದು ಹದಿನೈದಕ್ಕಿಂತ ಕಡಿಮೆಯೋ ಎಂದು ಕೇಳುವುದನ್ನು ಕಂಪ್ಯೂಟರಿಗೆ ಕಲಿಸಿದಳು. ಕಡಿಮೆಯಾದರೆ ಒಂದು ಕಳೆ, ಕೂಡು, ಎರಡರಿಂದ ಭಾಗಿಸು. ನನ್ನ ಗುರುವಿನ ಮಾತು ನಾಲ್ಕು ಸಾಲಿನಲ್ಲಿ ಕುಳಿತುಬಿಟ್ಟಿತು.

ಶನಿವಾರ ನನ್ನನ್ನೂ ಎಳೆದುಕೊಂಡು ಹೋದಳು. ಹಿಂದಿನ ಬೆಂಚಿನಲ್ಲಿ ಕುಳಿತೆ. ಕಿಟಕಿಯ ಪಕ್ಕ, ಗೋಡೆಗೆ ಒತ್ತಿಕೊಂಡು, ಪಾಠ ಹೇಳುವ ಮೇಡಂ ಕುಳಿತಿದ್ದರು, ನನ್ನ ಮೊಮ್ಮಗಳಾಗುವಷ್ಟು ಚಿಕ್ಕವರು. ಅವರ ಕುರ್ಚಿ ಲಟಕ್ ಲಟಕ್ ಎಂದು ಅಲ್ಲಾಡುತ್ತಿತ್ತು. ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕಿದ್ದರು.

ಸೊಸೆಯ ಸರದಿ ಬಂತು. "ಟೈಲ್ಸ್ ಲೆಕ್ಕವಾ? ಎಲ್ಲಿ, ಈ ಕೋಣೆಗೇ ಹಾಕಿ ನೋಡೋಣ," ಎಂದರು ಮೇಡಂ. ಜೇಬಿನಲ್ಲಿದ್ದ ಅಳತೆ ಟೇಪು ಕೊಟ್ಟೆ. ಬಾಗಿಲಿನಿಂದ ಕಿಟಕಿಯ ಗೋಡೆಗೆ ಆರುನೂರ ಮೂವತ್ತೈದು. ಪುಟ ಹೇಳಿತು: ಇಡಿಯವು ಇಪ್ಪತ್ತು, ತುದಿಗಳು ಹದಿನೇಳೂವರೆ.

ಮೇಡಂ ಕಾಗದದ ಮೇಲೆ ಭಾಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಇಪ್ಪತ್ತೊಂದು ಬರಬೇಕು ಅಕ್ಕ, ಉಳಿಕೆ ಐದು. ಒಂದು ಕಡಿಮೆ ಬಂದಿದೆ. ಎಲ್ಲೋ ತಪ್ಪಿದೀರ." ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು, ನುಂಗಿಕೊಂಡೆ. ಪರೀಕ್ಷೆ ಸೊಸೆಯದು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ತಲೆ ಹಾಗೇ ಕಿಟಕಿಯ ಕೆಳಗಿನ ನೆಲದತ್ತ ತಿರುಗಿತು.

"ಮೇಡಂ, ನಿಮ್ಮ ಕುರ್ಚಿ ಯಾಕೆ ಅಲ್ಲಾಡುತ್ತೆ ಗೊತ್ತಾ?"

"ಕುರ್ಚಿನಾ? ಅದು ಹಳೇದು."

"ಕುರ್ಚಿ ಚೆನ್ನಾಗೇ ಇದೆ. ಸ್ವಲ್ಪ ಏಳ್ತೀರಾ?" ಸೊಸೆ ಮಂಡಿಯೂರಿ ಕುಳಿತು ಗೋಡೆಯಂಚಿನ ಪಟ್ಟಿಗೆ ಟೇಪು ಹಿಡಿದಳು. ಸರಿಯಾಗಿ ಐದು. ಅರ್ಧಕ್ಕರ್ಧ ಒಡೆದು ಗುಳಿ ಬಿದ್ದಿತ್ತು. ಕುರ್ಚಿಯ ಕಾಲು ಕೂರುತ್ತಿದ್ದದ್ದು ಅದರೊಳಗೇ. "ಈ ನೆಲ ಹಾಕಿದವರು ನಿಮ್ಮ ಲೆಕ್ಕಾನೇ ಮಾಡಿದ್ದು. ಇಪ್ಪತ್ತೊಂದು ಇಡಿಯವು, ಉಳಿಕೆ ಐದು. ನನ್ನ ಪುಟ ಅದೇ ಐದನ್ನ ಮೊದಲು ಕಂಡುಹಿಡಿಯುತ್ತೆ. ಆಮೇಲೆ ಹದಿನೈದಕ್ಕಿಂತ ಕಡಿಮೆನಾ ಅಂತ ಕೇಳುತ್ತೆ. ಕಡಿಮೆ ಇದ್ರೆ ಹೀಗೆ ಒಡೆಯೋಕೆ ಬಿಡಲ್ಲ."

ಮೇಡಂ ಪರದೆಯ ಸಾಲುಗಳನ್ನು ಒಂದೊಂದಾಗಿ ಓದಿದರು. ಬಾಗಿ ಗುಳಿ ನೋಡಿದರು. ಕುರ್ಚಿಯನ್ನು ಒಂದು ಟೈಲ್ಸಿನಷ್ಟು ಈಚೆಗೆ ಎಳೆದು ಕುಳಿತರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಎದ್ದು ಕುಳಿತರು.

"ಎರಡು ವರ್ಷದಿಂದ ಕಾಗದ ಮಡಚಿ ಇಡ್ತಿದೀನಲ್ಲ ಅಕ್ಕ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಂಚುಗಳೆಲ್ಲ ನಕ್ಕವು. ನಗುತ್ತಲೇ ಅವಳ ಹೆಸರಿನ ಮುಂದೆ ತೇರ್ಗಡೆ ಎಂದು ಬರೆದರು.

ಮಾರನೆಯ ದಿನವೇ ಅಡುಗೆಮನೆಯ ನೆಲಕ್ಕೆ ಕೈ ಹಾಕಿದೆವು. ಮಗ ಮಂಡಿಯೂರಿ, "ನನ್ನ ಸೊಂಟ ಹೋಯ್ತಪ್ಪಾ," ಎಂದು ರಾಗ ಎಳೆಯುತ್ತ ಟೈಲ್ಸ್ ಕೂರಿಸಿದ. ಸೊಸೆ ಫೋನು ಹಿಡಿದು, "ತುದಿಗೆ ಇಪ್ಪತ್ತು ರೀ, ಹತ್ತೊಂಬತ್ತಲ್ಲ," ಎಂದು ಅವನ ತಲೆಯ ಮೇಲೆ ನಿಂತಿದ್ದಳು. ಮೂರನೆಯ ದಿನ ಗಾರೆ ಗಟ್ಟಿಯಾದ ಮೇಲೆ ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಅಡಿಯಲ್ಲಿ ಗಾರೆ ತುಂಬಿ ಕೂತಿದೆಯೇ ಎಂದು ಕರಣಿಯ ಹಿಡಿಯಿಂದ ಒಂದೊಂದನ್ನೇ ತಟ್ಟಿದೆ. ಮೂಲೆಯಿಂದ ಮೂಲೆಗೆ ಎಲ್ಲೂ ಟೊಳ್ಳು ಸದ್ದು ಬರಲಿಲ್ಲ.