ವಿಸಿಲ್ ಬಾರದ ಡೋಲ್ಮಾ

ಪಕ್ಕದ ಮನೆಯ ಅಡುಗೆಯನ್ನು ನಿಮ್ಮ ಮಗು ಹೊಗಳಿದರೆ ನಿಮಗೆ ಏನನ್ನಿಸುತ್ತದೆ? ಸುಳ್ಳು ಹೇಳಬೇಡಿ. ಹೊಟ್ಟೆ ಉರಿಯುತ್ತದೆ. ನನ್ನ ಗೆಳತಿ ಮಧುಶ್ರೀಗೂ ಉರಿಯಿತು. ಆ ಉರಿಯಲ್ಲಿ ಅವಳು ಏನು ಮಾಡಿಕೊಂಡಳು ಎಂದು ಹೇಳುವುದಕ್ಕೇ ನಾನು ಕೂತಿದ್ದೇನೆ. ಹೇಳು ಅಂತ ಅವಳೇ ಅಂದಿದ್ದಾಳೆ, ಚಾಡಿ ಅಂದುಕೊಳ್ಳಬೇಡಿ.

ನಾನು ಗೀತಾ. ಡಬ್ಲಿನ್ ಹತ್ತಿರದ ಬ್ಲಾಂಚರ್ಡ್ಸ್‌ಟೌನ್‌ನಲ್ಲಿದ್ದೇನೆ, ನರ್ಸ್ ಕೆಲಸ. ಮಧುಶ್ರೀ ನಮ್ಮ ರಸ್ತೆಯವಳೇ, ಮಂಡ್ಯದ ಕಡೆಯವಳು. ಗಂಡ ಕಿಶೋರ್ ಐಟಿ ಕಂಪನಿಯಲ್ಲಿದ್ದಾನೆ. ಮಗಳು ಐಶು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಐರಿಷ್ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾಳೆ. ನಮ್ಮ ಕನ್ನಡದವರ ಕೂಟದಲ್ಲಿ ಮಧುಶ್ರೀಯ ಮಟನ್ ಪಲಾವ್ ಪಾತ್ರೆ ಎಲ್ಲಿದೆ ಅಂತ ಎಲ್ಲರೂ ಮೊದಲು ಹುಡುಕುತ್ತಾರೆ. ಅದು ಅವಳಿಗೂ ಗೊತ್ತು. ಸ್ವಲ್ಪ ಜಾಸ್ತಿಯೇ ಗೊತ್ತು.

ಹೋದ ವರ್ಷ ಅವಳ ಪಕ್ಕದ ಮನೆಗೆ ಶಮೀರಾಂ ಬಂದಳು. ಇರಾಕ್‌ನ ಅಸ್ಸೀರಿಯನ್ ಜನ. ಅವರ ಹಬ್ಬದ ಅಡುಗೆ ಡೋಲ್ಮಾ. ಅಕ್ಕಿ, ಕುರಿ ಖೀಮಾ, ಸಬ್ಬಸಿಗೆ ಸೊಪ್ಪು, ನಿಂಬೆಹುಳಿ ಎಲ್ಲ ಕಲಸಿ, ದ್ರಾಕ್ಷಿ ಎಲೆಯಲ್ಲಿಟ್ಟು ಬೀಡಿಯ ಹಾಗೆ ಸುತ್ತುತ್ತಾರೆ. ಪಾತ್ರೆಯ ತಳಕ್ಕೆ ಪಕ್ಕೆಮೂಳೆ ಹಾಕಿ, ಅದರ ಮೇಲೆ ಸುತ್ತಿದ್ದನ್ನು ಕಂಠಮಟ್ಟ ಜೋಡಿಸುತ್ತಾರೆ. ಬಿಚ್ಚಿಕೊಳ್ಳದಿರಲಿ ಅಂತ ಮೇಲೊಂದು ತಟ್ಟೆ ಕವುಚಿ ಭಾರ ಇಡುತ್ತಾರೆ. ಹುಳಿರಸ ಸುರಿದು ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿ, ಬಂದವರೆಲ್ಲ ನೋಡುತ್ತಿರುವಾಗ ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕುತ್ತಾರೆ.

ಬೇಸಿಗೆಯಲ್ಲಿ ನಮ್ಮ ರಸ್ತೆಯವರೆಲ್ಲ ಸೇರಿ ಊಟ ಮಾಡಿದೆವು. ಒಂದೇ ಮೇಜಿನ ಮೇಲೆ ಆ ಕಡೆ ಡೋಲ್ಮಾ, ಈ ಕಡೆ ಪಲಾವ್. ಡೋಲ್ಮಾ ತಟ್ಟೆ ಖಾಲಿಯಾಯಿತು. ಅರ್ಧ ಪಲಾವ್ ಮನೆಗೆ ವಾಪಸ್ ಹೋಯಿತು.

"ಶಮೀರಾಂ ಆಂಟೀದು ಸೋ ನೈಸ್, ಮ್ಯಾಮ್!" ಎಂದಳು ಐಶು ಅಮ್ಮನಿಗೆ.

ಕಿಶೋರ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಹೌದು ಕಣೇ, ಅದೇನೋ ಒಂದು ಹುಳಿ ಐತೆ ಅದ್ರಲ್ಲಿ," ಎಂದ. ಕಿಚ್ಚಿಗೆ ತುಪ್ಪ ಸುರಿದ ಹಾಗಾಯಿತು.

ಅಲ್ಲಿಂದ ಪ್ರತಿ ಶನಿವಾರ ಐಶು ಪಕ್ಕದ ಮನೆಯ ಅಡುಗೆಮನೆಯಲ್ಲೇ. ಮಧುಶ್ರೀ ತನ್ನ ಕಿಟಕಿಯಲ್ಲಿ ನಿಂತು ಪಾತ್ರೆ ತೊಳೆಯುತ್ತಾಳೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾಳೆ. ಬೇಲಿಯ ಆಚೆಯಿಂದ ಮಗಳ ನಗು ಕೇಳಿಸುತ್ತದೆ. ಅದನ್ನು ಕೇಳಿ ಸಂತೋಷಪಡುವ ತಾಯಿಯರೂ ಇರಬಹುದು. ಮಧುಶ್ರೀ ಅಂಥವಳಲ್ಲ. ಮಗಳನ್ನು ಯಾರೋ ಎತ್ತಿಕೊಂಡು ಹೋದರು ಅನ್ನುವಷ್ಟು ಸಂಕಟ ಅವಳಿಗೆ.

ಒಂದು ದಿನ ಕಾಫಿಗೆ ಹೋದಾಗ ನನ್ನ ಮುಂದೆ ಸಿಡಿದಳು.

"ಎಲೇಲಿ ಅನ್ನ ಸುತ್ತಿದ್ರೆ ಅದೊಂದು ಅಡುಗೇನಾ? ಮೂರು ಗಂಟೆ ಬೇರೆ ಅಂತೆ! ನಮ್ಮ ಕುಕ್ಕರ್‌ನಲ್ಲಿ ನಾಲ್ಕು ವಿಸಿಲ್ ಕಣೇ. ಈ ಶನಿವಾರ ನಾನೇ ಮಾಡ್ತೀನಿ. ಅವಳ್ನೂ ಊಟಕ್ಕೆ ಕರ್ದಿದೀನಿ. ನೋಡ್ಲಿ."

"ಮಾಡು, ಬೇಡ ಅನ್ನಲ್ಲ," ಎಂದೆ. "ಆದ್ರೆ ಅಕ್ಕಿ ಉಬ್ಬತ್ತೆ. ಕುಕ್ಕರ್‌ನ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡ. ಆ ರಬ್ಬರು, ವಾಲ್ವು ಯಾವಾಗ ಬದಲಾಯಿಸಿದ್ದು?"

"ಬದಲಾಯ್ಸೋದಾ? ಮದ್ವೇಲಿ ನಮ್ಮತ್ತೆ ಕೊಟ್ಟಿದ್ದು ಇದು. ಇವತ್ತಿನವರೆಗೂ ಏನೂ ಆಗಿಲ್ಲ. ಕುಕ್ಕರ್ ಬಗ್ಗೆ ನನಗೇ ಪಾಠ ಹೇಳ್ತೀಯಾ?"

"ಕುಕ್ಕರ್‌ನಿಂದ ಮುಖ ಸುಟ್ಕೊಂಡು ಬಂದೋರ್ನ ನೋಡಿದೀನಿ, ಅದಕ್ಕೆ ಹೇಳ್ದೆ."

"ಅವ್ರಿಗೆ ಅಡುಗೆ ಬರ್ತಿರ್ಲಿಲ್ಲ ಬಿಡು."

ಬಿಟ್ಟೆ.

ಶನಿವಾರ ಮಧುಶ್ರೀ ಐಶುವನ್ನು ಪಕ್ಕದ ಮನೆಗೆ ಹೋಗಲು ಬಿಡಲಿಲ್ಲ. ಬೋರಲು ಹಾಕುವಾಗ ತಟ್ಟೆ ಹಿಡಿಯುವ ಕೆಲಸ ಕೊಟ್ಟು ಒಲೆಯ ಪಕ್ಕದಲ್ಲೇ ನಿಲ್ಲಿಸಿದ್ದಳು. ಶಮೀರಾಂ ಬರುವ ಮುಂಚೆ ನಾನು ಹೋದೆ. ಬಾಗಿಲಲ್ಲೇ ರಬ್ಬರ್ ಕಾದ ವಾಸನೆ ಬಂತು.

"ಎಷ್ಟೊತ್ತಾಯ್ತೇ ಇಟ್ಟು?"

"ಅರ್ಧ ಗಂಟೆ ಮೇಲಾಯ್ತು. ಹಾಳಾದ್ದು ಒಂದು ವಿಸಿಲೂ ಬಂದಿಲ್ಲ! ಒಲೆ ಫುಲ್ ಇಟ್ಟಿದೀನಿ."

ನಮ್ಮವರೇ ಮಾಡುವ ತಪ್ಪು ಇದು, ಕೇಳಿ. ನಾವು ಕಿವಿಯಲ್ಲಿ ಅಡುಗೆ ಮಾಡುವ ಜನ. ವಿಸಿಲ್ ಬಂದರೆ ಬೆಂದಿದೆ, ಬರದಿದ್ದರೆ ಬೆಂದಿಲ್ಲ, ಉರಿ ಏರಿಸು. ಹಬೆ ಆಚೆ ಬರಲು ದಾರಿಯೇ ಇಲ್ಲದಿದ್ದರೂ ವಿಸಿಲ್ ಬರುವುದಿಲ್ಲ ಎಂಬುದು ನಮ್ಮ ತಲೆಗೇ ಹೋಗುವುದಿಲ್ಲ.

"ಒಳಗೆ ಎಷ್ಟು ತುಂಬಿದೀಯ?"

"ಕಂಠಮಟ್ಟ. ಅವಳೂ ಹಂಗೇ ತಾನೆ ತುಂಬೋದು? ಮೇಲೆ ತಟ್ಟೆ ಒತ್ತಿಟ್ಟು ಉಳಿದ ಎಲೆ ಎಲ್ಲಾ ಹಾಸಿದೀನಿ."

ಶಮೀರಾಂಳ ಪಾತ್ರೆಗೆ ಬರೀ ಮುಚ್ಚಳ, ಹಬೆ ಪಕ್ಕದಲ್ಲಿ ಹೋಗುತ್ತದೆ. ಇದು ಕುಕ್ಕರ್. ಅಕ್ಕಿ ಉಬ್ಬಿ ತಟ್ಟೆಯನ್ನು ಮೇಲಕ್ಕೆ ತಳ್ಳಿದೆ, ಎಲೆ ಹೋಗಿ ವೆಯ್ಟ್ ಕೂರುವ ಕೊಳವೆಗೆ ಅಂಟಿಕೊಂಡಿದೆ. ಇನ್ನು ಒಳಗಿನ ಹಬೆ ಎಲ್ಲಿಗೆ ಹೋಗಬೇಕು?

ಆಗಲೇ ಬೆಲ್ ಆಯಿತು. "ಶೀ ಇಸ್ ಹಿಯರ್!" ಎಂದು ಐಶು ಕುಣಿದಳು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಮಧುಶ್ರೀ ಸೌಟು ತೆಗೆದುಕೊಂಡು ವೆಯ್ಟ್ ಎತ್ತಲು ಹೋದಳು. ನಾನು ಅವಳ ಕೈ ಹಿಡಿದುಕೊಂಡೆ.

"ಮುಟ್ಬೇಡ! ಆಚೆ ಬಾ!"

"ಬಿಡೇ! ನಲ್ಲಿ ಕೆಳಗೆ ಹಿಡಿದು ತೆಗೀತೀನಿ. ಅವಳ ಮುಂದೆ ನನ್ನ ಮರ್ಯಾದೆ ತೆಗೀಬೇಡ!"

"ಮಧು, ಮಗು ಪಕ್ಕದಲ್ಲೈತೆ!"

"ನಿಂಗೂ ಹೊಟ್ಟೆಕಿಚ್ಚು ಅಲ್ವಾ? ನಾನು ಚೆನ್ನಾಗಿ ಮಾಡ್ಬಿಡ್ತೀನಿ ಅಂತ!"

ಆ ಮಾತು ನನಗೆ ಚುಚ್ಚಿತು. ಆದರೆ ಜಗಳಕ್ಕೆ ಅದು ಹೊತ್ತಲ್ಲ. ಕುಕ್ಕರ್ ಮೇಲೆ ಕೈ ಚಾಚದೆ, ಗೋಡೆಯಲ್ಲಿದ್ದ ಒಲೆಯ ಕೆಂಪು ಸ್ವಿಚ್ ಆರಿಸಿದೆ. ಐಶುವನ್ನು ರಟ್ಟೆ ಹಿಡಿದು ಹಾಲ್‌ಗೆ ತಳ್ಳಿ, ಮಧುಶ್ರೀಯನ್ನು ಸೆರಗು ಹಿಡಿದು ಎಳೆದೆ. ಕರೆಂಟ್ ಒಲೆ ಆರಿಸಿದ ತಕ್ಷಣ ತಣ್ಣಗಾಗುವುದಿಲ್ಲ. ನಾವು ಬಾಗಿಲು ದಾಟುತ್ತಿದ್ದ ಹಾಗೇ ಢಬ್ ಎಂದು ಸೇಫ್ಟಿ ವಾಲ್ವ್ ಹಾರಿತು.

ಹಬೆ ತಗ್ಗಿದ ಮೇಲೆ ಬಾಗಿಲಲ್ಲೇ ನಿಂತು ನೋಡಿದೆವು. ಸೂರಿಗೆ ಅನ್ನ ಅಂಟಿತ್ತು, ದೀಪದಿಂದ ದ್ರಾಕ್ಷಿ ಎಲೆ ನೇತಾಡುತ್ತಿತ್ತು. ಐಶು ನಿಂತಿದ್ದ ಜಾಗದಲ್ಲಿ ಅವಳ ತಟ್ಟೆ ಬಿದ್ದಿತ್ತು. ಅದರ ಮೇಲೆ ಕುದಿಯುವ ಹುಳಿರಸ ಹರಿಯುತ್ತಿತ್ತು. ಮಧುಶ್ರೀ ಆ ತಟ್ಟೆಯನ್ನೇ ನೋಡಿದಳು. ಮಗಳ ಮುಖ ಒಲೆಯಷ್ಟೇ ಎತ್ತರದಲ್ಲಿ ಇರುತ್ತಿತ್ತು.

ಮಧುಶ್ರೀಯ ಮುಂಗೈಗೆ ರಸ ಸಿಡಿದಿತ್ತು. ಬಚ್ಚಲಿಗೆ ಕರೆದೊಯ್ದು ಬಳೆ ತೆಗೆಸಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಮಹಡಿಯಿಂದ ಓಡಿ ಬಂದ ಕಿಶೋರ್ ಟೂತ್‌ಪೇಸ್ಟ್ ಟ್ಯೂಬ್ ತೆಗೆದ.

"ಗೀತಕ್ಕ, ಇದು ಹಚ್ಲಾ?"

"ಪೇಸ್ಟ್ ಬೇಡ, ಬೆಣ್ಣೆ ಬೇಡ, ಐಸೂ ಬೇಡ. ಇಪ್ಪತ್ತು ನಿಮಿಷ ತಣ್ಣೀರು ಬಿಡ್ತಾನೇ ಇರ್ಬೇಕು. ಬೊಬ್ಬೆ ಬಂದ್ರೆ ಡಾಕ್ಟರ್ ಹತ್ರ ಹೋಗ್ಬೇಕು, ಅಷ್ಟೇ."

ಐಶು ಬಾಗಿಲು ತೆರೆದು ಕರೆತಂದ ಶಮೀರಾಂ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಸೂರನ್ನು ನೋಡಿಕೊಂಡೇ ಬಂದಿದ್ದಳು. ಬೈಯಲಿಲ್ಲ, ನಗಲೂ ಇಲ್ಲ. ತನ್ನ ಇಂಗ್ಲಿಷ್‌ನಲ್ಲಿ ಮೆಲ್ಲಗೆ ಹೇಳಿದಳು: "ನಿಮ್ಮ ಮನೆಯ ವಿಸಿಲ್ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಮಧು. ನಾನಿನ್ನೂ ಎಲೆ ಬಿಡಿಸ್ತಿರ್ತೀನಿ, ನಿಮ್ಮ ಊಟವೇ ಮುಗಿದಿರುತ್ತೆ."

ಮಧುಶ್ರೀ ಅವಳ ಮುಖ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು. "ನಿಜ ಹೇಳು ಐಶು. ನನ್ನ ಪಲಾವ್‌ಗಿಂತ ಅದು ಅಷ್ಟೊಂದು ಚೆನ್ನಾಗೈತಾ?"

"ನೋ, ಯುವರ್ಸ್ ಇಸ್ ಗ್ರ್ಯಾಂಡ್." ಆಮೇಲೆ ಐಶು, ಅಪರೂಪಕ್ಕೆ, ಕನ್ನಡದಲ್ಲಿ ಹೇಳಿದಳು. "ಆಂಟಿ ನಂಗೆ ಸುತ್ತೋಕೆ ಬಿಡ್ತಾರೆ. ನೀನು ಕಿಚನ್‌ಗೆ ಬರ್ಬೇಡ ಅಂತೀಯ."

ನಲ್ಲಿ ನೀರಿನ ಕೆಳಗೆ ಕೈ ಇಟ್ಟುಕೊಂಡೇ ಮಧುಶ್ರೀ ಅತ್ತಳು. ಕೈಯ ಉರಿಗಲ್ಲ.

ಈಗ ಶನಿವಾರ ಮೂವರೂ ಒಂದೇ ಮೇಜಿಗೆ ಕೂತು ಎಲೆ ಸುತ್ತುತ್ತಾರೆ. ಬಿಸಿ ಇರುವ ಕಡೆ ಐಶುಗೆ ಜಾಗವಿಲ್ಲ, ಮೇಜಿನ ಹತ್ತಿರ ಮಾತ್ರ. ಹಳೆಯ ಕುಕ್ಕರನ್ನು ಕಿಶೋರ್ ರೀಸೈಕ್ಲಿಂಗ್‌ಗೆ ಕೊಟ್ಟು ಹೊಸದು ತಂದ. ಪ್ರತಿ ಸಲ ಮುಚ್ಚುವ ಮುಂಚೆ ಮಧುಶ್ರೀ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ತೂತು ಕಾಣುತ್ತಿದೆಯೇ ಎಂದು ನೋಡುತ್ತಾಳೆ. ಮೂಳೆ ಕುಕ್ಕರ್‌ನಲ್ಲಿ ಬೇಯುತ್ತದೆ, ಡೋಲ್ಮಾ ಶಮೀರಾಂಳ ಪಾತ್ರೆಯಲ್ಲಿ. ಆತುರವಿದ್ದ ದಿನ ಡೋಲ್ಮಾವೂ ಕುಕ್ಕರ್‌ಗೆ ಹೋಗುತ್ತದೆ, ಆದರೆ ಅರ್ಧದಷ್ಟೇ, ರಸ ಸಾಕಷ್ಟು, ಮೇಲೆ ತಟ್ಟೆಯೂ ಇಲ್ಲ, ಬಿಡಿ ಎಲೆಯೂ ಇಲ್ಲ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಅಂದುಕೊಳ್ಳಬೇಡಿ. ಯಾರ ಸುತ್ತು ಬಿಗಿ ಎಂದು ಇಬ್ಬರೂ ಇವತ್ತಿಗೂ ಓರೆಗಣ್ಣಲ್ಲಿ ನೋಡುತ್ತಾರೆ. ಅಷ್ಟು ಇರಲಿ ಬಿಡಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕುಕ್ಕರ್‌ನ ರಬ್ಬರ್ ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ, ಇವತ್ತೇ ನೋಡಿ, ಬದಲಾಯಿಸಿ. ಅಕ್ಕಿ, ಬೇಳೆ ಇದ್ದರೆ ಅರ್ಧಕ್ಕೇ ನಿಲ್ಲಿಸಿ. ಹಬೆ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ, ಬಾಗಿಲಲ್ಲಿ ಯಾರೇ ಬಂದು ನಿಂತಿರಲಿ. ವಿಸಿಲ್ ಬರಲಿಲ್ಲವೇ? ಉರಿ ಏರಿಸಬೇಡಿ, ಆರಿಸಿ. ಮಗುವನ್ನು ಕರೆದುಕೊಂಡು ಆಚೆ ಹೋಗಿ. ಅಡುಗೆ ಕೆಟ್ಟರೆ ಪಕ್ಕದ ಮನೆಯಲ್ಲಿ ಊಟ ಸಿಗುತ್ತದೆ.